ಹಿಂದಿನ ಸೀಟಿನ ಬಕಲ್

ಅಜ್ಜಂಪುರದಲ್ಲಿರುವ ನಮ್ಮ ಚಿಕ್ಕಪ್ಪನದ್ದು ಒಂದು ನಿಯಮ ಇತ್ತು. ರಸ್ತೆಯಲ್ಲಿ ಆಕ್ಸಿಡೆಂಟ್ ಆಗಿರೋದು ಕಂಡರೆ ಗಾಡಿ ನಿಲ್ಲಿಸಬಾರದು. ಅವರೇನು ಕಲ್ಲು ಮನಸ್ಸಿನವರಲ್ಲ. ತೊಂಬತ್ತರ ದಶಕದಲ್ಲಿ ಒಂದು ಸಂಜೆ ಈರುಳ್ಳಿ ಲೋಡು ಇಳಿಸಿ ಮೆಟಡೋರ್‌ನಲ್ಲಿ ವಾಪಸ್ ಬರುವಾಗ, ರಸ್ತೆ ಬದಿ ಬಿದ್ದಿದ್ದ ಸೈಕಲ್ ಸವಾರನೊಬ್ಬನನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ಆತ ಬದುಕಿದ. ಆದರೆ ಒಂದು ಠಾಣೆಯಲ್ಲಿ 'ಗುದ್ದಿದ್ದು ನೀನೇ ಇರಬೇಕು' ಅಂತ ಶುರುವಾದ ವಿಚಾರಣೆ, ಕೋರ್ಟಿನಲ್ಲಿ ಸಾಕ್ಷಿ ಹೇಳಿ ಮುಗಿಸುವ ಹೊತ್ತಿಗೆ ಮೂರು ವರ್ಷ ಎಳೆಯಿತು. ಅವತ್ತಿನಿಂದ ಮನೆಮಂದಿಗೆಲ್ಲ ಒಂದೇ ಮಾತು: "ಬಿದ್ದೋರನ್ನ ಮುಟ್ಟಕ್ಕೆ ಹೋಗಬ್ಯಾಡ್ರಪ್ಪ."

ಇದೇ ಚಿಕ್ಕಪ್ಪ ಸೀಟ್ ಬೆಲ್ಟ್ ಹಾಕಿದ್ದನ್ನೂ ನಾನು ನೋಡಿರಲಿಲ್ಲ. ಬೀರೂರಿನ ಹತ್ತಿರ ಪೊಲೀಸರು ಕಂಡರೆ ಬೆಲ್ಟನ್ನ ಎದೆ ಮೇಲೆ ಎಳೆದು ಕೈಯಲ್ಲೇ ಹಿಡಿದುಕೊಳ್ಳೋರು. ದಾಟಿದ ಮೇಲೆ ಬಿಟ್ಟುಬಿಡೋರು. ನಮ್ಮಲ್ಲಿ ಎಷ್ಟು ಜನ ಹೀಗಿಲ್ಲ, ಹೇಳಿ? ಈ ಎರಡೂ ಅಭ್ಯಾಸಗಳಿಗೆ ಒಂದೊಂದು ಚರಿತ್ರೆ ಇದೆ. ಇವತ್ತು ಅದನ್ನೇ ಹೇಳ್ತೀನಿ.

ನಾವೀಗ ಹಾಕುವ ಮೂರು ಬಿಂದುವಿನ ಬೆಲ್ಟ್, ಅಂದರೆ ಭುಜದಿಂದ ಇಳಿದು ಸೊಂಟದ ಮೇಲೆ ಹಾದುಹೋಗುವ ಪಟ್ಟಿ, ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್‌ನದು. ವೋಲ್ವೋಗೆ ಬರುವ ಮೊದಲು ಆತ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಸೀಟಿನ ಸಮೇತ ಹೊರಗೆ ಚಿಮ್ಮಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ. ಮನುಷ್ಯನನ್ನು ಹೊರಗೆ ಎಸೆಯೋದು ಹೇಗೆ ಅಂತ ಲೆಕ್ಕ ಹಾಕಿದವನೇ, ಎಸೆಯದಂತೆ ಹಿಡಿಯೋದು ಹೇಗೆ ಅಂತಲೂ ಕಂಡುಹಿಡಿದ. 1959ರಲ್ಲಿ ವೋಲ್ವೋ ಕಾರುಗಳಲ್ಲಿ ಅದು ಬಂತು. ಪೇಟೆಂಟ್ ಇತ್ತು, ಆದರೂ ಬೇರೆ ಕಂಪನಿಗಳು ಬಳಸಲಿ ಅಂತ ವೋಲ್ವೋ ಬಿಟ್ಟುಕೊಟ್ಟಿತು. ಬೆಲ್ಟ್ ಹಾಕಲೇಬೇಕು ಎಂಬ ಕಾನೂನನ್ನು ಮೊದಲು ತಂದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರಲ್ಲಿ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂತು. ಅದಾಗಿ ಒಂದು ವರ್ಷ ಮೂರು ತಿಂಗಳಿಗೆ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 35. ಅಜ್ಜಂಪುರ, ತರೀಕೆರೆ ಕಡೆಯವರಿಗೆ ಆನಗೋಡು ದೂರದ ಊರಲ್ಲ. ಆ ದಿನ ಅಂಗಡಿ ಬಾಗಿಲು ಹಾಕಿದ್ದನ್ನು ನಮ್ಮ ಮನೆಯ ಹಿರಿಯರು ಈಗಲೂ ಹೇಳ್ತಾರೆ. ಆ ಅಪಘಾತದಲ್ಲಿ ಹೀಗಿದ್ದಿದ್ದರೆ ಹಾಗಾಗುತ್ತಿತ್ತು ಅಂತ ಸ್ಟುಡಿಯೋದಲ್ಲಿ ಕೂತು ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಒಂದು ಮಾತು ಮಾತ್ರ ದಾಖಲೆ: ಆಗ ನಮ್ಮ ದೇಶದಲ್ಲಿ ಕಾರು ತಯಾರಿಸುವವರು ಬೆಲ್ಟ್ ಕೊಡಲೇಬೇಕು ಅಂತ ಇರಲಿಲ್ಲ. ಮುಂದಿನ ಸೀಟುಗಳಿಗೆ ಬೆಲ್ಟ್ ಕಡ್ಡಾಯವಾದದ್ದು 1994ರ ಮಾರ್ಚ್‌ನಲ್ಲಿ. ಬೋಲಿನ್‌ನ ಬೆಲ್ಟ್ ಬಂದು ಆಗಲೇ 35 ವರ್ಷ ಆಗಿತ್ತು.

ಬೆಲ್ಟ್ ಬಂತು, ಹಾಕೋರು ಇರಲಿಲ್ಲ. ದಂಡ ನೂರು ರೂಪಾಯಿ. ಸಿಕ್ಕಿಬಿದ್ದರೆ ಕೊಟ್ಟರಾಯ್ತು. 2019ರ ಸೆಪ್ಟೆಂಬರ್ 1ರಿಂದ ತಿದ್ದುಪಡಿ ಕಾಯ್ದೆಯ 194ಬಿ ಕಲಂ ಅದನ್ನು ಸಾವಿರ ಮಾಡಿತು. ಜನ ಕೂಗಾಡಿದರು, ಅದೇ ತಿಂಗಳು ಕರ್ನಾಟಕ ಸರ್ಕಾರ ಐನೂರಕ್ಕೆ ಇಳಿಸಿತು. ನಾವೂ ಚಾನೆಲ್‌ಗಳಲ್ಲಿ 'ವಾಹನ ಸವಾರರಿಗೆ ಗುಡ್ ನ್ಯೂಸ್' ಅಂತ ಓಡಿಸಿದೆವು. ಅದು ಯಾವ ಲೆಕ್ಕದ ಗುಡ್ ನ್ಯೂಸ್ ಅಂತ ಈಗ ಅನಿಸುತ್ತೆ.

ಇನ್ನು ಹಿಂದಿನ ಸೀಟು. ಮುಂದಕ್ಕೆ ಮುಖ ಮಾಡಿರುವ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂಬ ಮಾತು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿ ವರ್ಷಗಳಿಂದ ಇತ್ತು. ಯಾರೂ ಓದಿರಲಿಲ್ಲ ಅಷ್ಟೆ. 2022ರ ಸೆಪ್ಟೆಂಬರ್ 4ರಂದು ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ, ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದಾಗ ಪ್ರಾಣ ಕಳೆದುಕೊಂಡರು. ಮುಂದಿನ ತಿಂಗಳೇ ಕರ್ನಾಟಕ ಪೊಲೀಸರ ಆದೇಶ ಬಂತು: ಕಾರಿನಲ್ಲಿರುವ ಎಲ್ಲರೂ ಹಾಕಬೇಕು, ಇಲ್ಲದಿದ್ದರೆ ಸಾವಿರ ರೂಪಾಯಿ.

ಹಿಂದೆ ಕೂತವರಿಗೆ ಏನೂ ಆಗಲ್ಲ ಅನ್ನೋ ನಂಬಿಕೆಗೆ ನಾನು ಎಂಜಿನಿಯರಿಂಗ್ ಓದಿದವನಾಗಿ ಒಂದು ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ ಗುದ್ದೋದು ಅಂದರೆ ಸುಮಾರು 14 ಮೀಟರ್ ಎತ್ತರದಿಂದ, ನಾಲ್ಕು ಮಹಡಿ ಮೇಲಿಂದ, ನೆಲಕ್ಕೆ ಬಿದ್ದ ಹಾಗೆ. ಕಾರಿನ ಮೂತಿ ನಜ್ಜುಗುಜ್ಜಾಗಿ ಎರಡು ಅಡಿಯೊಳಗೆ ಗಾಡಿ ನಿಂತಿತು ಅನ್ನಿ. ಅಷ್ಟರಲ್ಲಿ 60 ಕೆ.ಜಿ. ತೂಕದ ಒಬ್ಬರನ್ನು ಹಿಡಿದು ನಿಲ್ಲಿಸೋಕೆ ಬೇಕಾದ ಬಲ ಸರಾಸರಿ 1.4 ಟನ್. ಅದನ್ನ ಬೆಲ್ಟ್ ತಡೆದುಕೊಳ್ಳಬೇಕು, ಇಲ್ಲ ಮುಂದಿನ ಸೀಟಲ್ಲಿ ಕೂತ ನಿಮ್ಮ ಮಗನ ಬೆನ್ನು ತಡೆದುಕೊಳ್ಳಬೇಕು. ಮಡಿಲಲ್ಲಿರೋ ಮಗುವನ್ನ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಅನ್ನೋ ತಾಯಂದಿರು ಈ ಲೆಕ್ಕವನ್ನ ಇನ್ನೊಂದು ಸಲ ಓದಿ.

ಬೆಲ್ಟ್ ಹಾಕದಿದ್ದರೆ ಬರುವ ಬೀಪ್ ಶಬ್ದ ನಿಲ್ಲಿಸೋಕೆ ಅಂತಲೇ ಒಂದು ಕ್ಲಿಪ್ ಮಾರ್ತಿದ್ದರಲ್ಲ, 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಅದನ್ನು ತೆಗೆದುಹಾಕುವಂತೆ ಆದೇಶ ಕೊಟ್ಟಿತು. ನಮ್ಮ ಮನೆಯಲ್ಲೂ ಒಂದಿತ್ತು.

ಈಗ ಚಿಕ್ಕಪ್ಪನ ಇನ್ನೊಂದು ಭಯಕ್ಕೆ ಬರೋಣ. ಅದು ಬರೀ ಅವರ ಭಯ ಆಗಿರಲಿಲ್ಲ. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಆಸ್ಪತ್ರೆಯೊಂದು ಸೇರಿಸಿಕೊಳ್ಳಲಿಲ್ಲ. ಇದು ಪೊಲೀಸ್ ಕೇಸು, 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಹೋಗಿ ಅಂದರು. ದಾರಿಯಲ್ಲೇ ಆತ ಸತ್ತ. ಪತ್ರಿಕೆಯ ಆ ವರದಿ ಹಿಡಿದು ಪರಮಾನಂದ ಕಟಾರ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಸರ್ಕಾರಿ ಇರಲಿ ಖಾಸಗಿ ಇರಲಿ, ವೈದ್ಯರು ಮೊದಲು ಜೀವ ಉಳಿಸಬೇಕು, ಕಾನೂನಿನ ವಿಧಿವಿಧಾನ ಆಮೇಲೆ. ತೀರ್ಪು ವೈದ್ಯರಿಗೆ ಮುಟ್ಟಿತು. ಗಾಯಾಳುವನ್ನು ಎತ್ತಿಕೊಂಡು ಬರುವ ಮೆಟಡೋರ್ ಡ್ರೈವರ್‌ಗೆ ಮುಟ್ಟೋಕೆ ಇನ್ನೂ 27 ವರ್ಷ ಹಿಡಿಯಿತು.

ಆ ವರ್ಷ 2016. ಫೆಬ್ರವರಿಯಲ್ಲಿ ಹರೀಶ್ ಎಂಬ ಯುವಕ ಗುಬ್ಬಿ ಕಡೆಯಿಂದ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದರು. ಗುಬ್ಬಿ ಅಂದರೆ ನಮ್ಮದೇ ರಸ್ತೆ. ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗಕ್ಕೆ ಹೋಗುವ, ಹಳಬರು 206 ಅಂತಲೇ ಕರೆಯುವ ಹೆದ್ದಾರಿ. ನೆಲಮಂಗಲದ ಹತ್ತಿರ ಲಾರಿ ಹರಿದು ಅವರ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡರು. ಕಣ್ಣುಗಳನ್ನು ದಾನ ಮಾಡಲಾಯಿತು. ನಾನಾಗ ಡೆಸ್ಕ್‌ನಲ್ಲಿ ಹೊಸಬ. ಯಾರದೋ ಮೊಬೈಲಿನಿಂದ ಬಂದ ಆ ದೃಶ್ಯಕ್ಕೆ ಎಲ್ಲಿ ಮಸುಕು ಹಾಕಬೇಕು ಅಂತ ಗುರುತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಲ ನೋಡಿದೆ. ಹಿಡಿದವರ ಕೈ ನಡುಗುತ್ತಿರಲಿಲ್ಲ ಅನ್ನೋದು ಇವತ್ತಿಗೂ ನೆನಪಿದೆ. ನಾವು ಅದನ್ನು ಎಷ್ಟು ಸಲ ತೋರಿಸಿದೆವು ಅನ್ನೋದೂ ನೆನಪಿದೆ.

ಮಾರ್ಚ್ 8ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ಮುಖ್ಯಮಂತ್ರಿ ಸಾಂತ್ವನ ಹರೀಶ್' ಯೋಜನೆ ಆರಂಭಿಸಿದರು. ಕರ್ನಾಟಕದ ರಸ್ತೆಯಲ್ಲಿ ಗಾಯಗೊಂಡವರು ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ ಅಂತ ಅದರಲ್ಲಿತ್ತು. ಅದೇ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಗಾಯಾಳುವಿಗೆ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಆಸ್ಪತ್ರೆ ದುಡ್ಡು ಕೇಳುವಂತಿಲ್ಲ, ತಡೆದು ಕೂರಿಸುವಂತಿಲ್ಲ. ಸಾಕ್ಷಿ ಹೇಳ್ತೀನಿ ಅಂತ ತಾವಾಗಿ ಬಂದರೂ ಒಂದೇ ಸಲ ವಿಚಾರಣೆ. ಇದಕ್ಕೆ ತನ್ನದೇ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಇಡೀ ದೇಶಕ್ಕೆ 134ಎ ಕಲಂ ಬಂತು. 2025ರ ಮೇನಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

ಗುದ್ದಿದ ಗಾಡಿ ನಿಮ್ಮದೇ ಆಗಿದ್ದರೆ? 134ನೇ ಕಲಂ ನೇರವಾಗಿ ಹೇಳುತ್ತೆ: ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಕೈಲಾದದ್ದೆಲ್ಲ ಮಾಡಬೇಕು. ಜನ ಮೈಮೇಲೆ ಬೀಳುವ ಹಾಗಿದ್ದರೆ ಅದಕ್ಕೂ ಕಾನೂನಿನಲ್ಲೇ ವಿನಾಯಿತಿ ಬರೆದಿದ್ದಾರೆ, ನಮ್ಮ ಜನರನ್ನು ಚೆನ್ನಾಗಿ ಬಲ್ಲವರೇ ಬರೆದಿರಬೇಕು. ಆದರೆ ಅಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋಗಬೇಕು, ಏನೇ ಆದರೂ 24 ಗಂಟೆಯೊಳಗೆ. ವಿಮಾ ಕಂಪನಿಗೂ ತಿಳಿಸಬೇಕು. ಮೊದಲು ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದೆ ಬರೋ ಗಾಡಿಗಳಿಗೆ ಕಾಣುವಷ್ಟು ದೂರದಲ್ಲಿ ತ್ರಿಕೋನ ಫಲಕ ಇಡಿ. ರಾತ್ರಿ ಹೆದ್ದಾರಿಯಲ್ಲಿ ಎರಡನೇ ಅಪಘಾತ ಆಗೋದು ಇದನ್ನು ಮರೆತಾಗಲೇ. 108 ಅಥವಾ 112ಕ್ಕೆ ಕರೆ ಮಾಡಿ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ ಅಂತ ಹೇಳಿ. ಗಾಡಿಗೆ ಬೆಂಕಿ ಹತ್ತುವ ಅಪಾಯ ಇಲ್ಲದಿದ್ದರೆ, ಗಾಯಾಳುವನ್ನ ಕೈಕಾಲು ಹಿಡಿದು ಎಳೆಯಬೇಡಿ. ಕತ್ತು, ಬೆನ್ನಿಗೆ ಪೆಟ್ಟಾಗಿರಬಹುದು. ರಕ್ತ ಸುರೀತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ, ನಮ್ಮ ಕಡೆ ಎಲ್ಲರೂ ಮೊದಲು ಮಾಡೋದು ಅದನ್ನೇ. ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿ 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿದೆ. ಎಫ್‌ಐಆರ್ ಪ್ರತಿ, ಆಸ್ಪತ್ರೆ ಚೀಟಿಗಳನ್ನ ಜೋಪಾನ ಮಾಡಿ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ, ಚಿಕ್ಕಮ್ಮನನ್ನು ಕಡೂರಿನಿಂದ ಅವರದೇ ಕಾರಿನಲ್ಲಿ ಕರೆದುಕೊಂಡು ಬರ್ತಿದ್ದೆ. ಬೀರೂರು ದಾಟಿ ಅಜ್ಜಂಪುರದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ, ತಿರುವಿನಲ್ಲಿ ಬೈಕೊಂದು ಜಾರಿ ಇಬ್ಬರು ಹುಡುಗರು ಬಿದ್ದಿದ್ದರು. ನಾನು ಚಿಕ್ಕಪ್ಪನ ಮುಖ ನೋಡಿದೆ.

"ಈಗ ಹೆಸರು ಕೇಳಲ್ವಾ?" ಅಂದರು.

"ಕೇಳೋ ಹಂಗಿಲ್ಲ ಚಿಕ್ಕಪ್ಪ."

"ನಿಲ್ಸು ಹಂಗಾದ್ರೆ."

ಆಂಬುಲೆನ್ಸ್ ಬಂತು, ಹಿಂದೆಯೇ ನಾವೂ ಆಸ್ಪತ್ರೆಗೆ ಹೋದೆವು. ಒಬ್ಬನಿಗೆ ಕಾಲು ಮುರಿದಿತ್ತು, ಇನ್ನೊಬ್ಬನಿಗೆ ತರಚು ಗಾಯ. ಹೊರಡೋಣ ಅಂದರೆ ಚಿಕ್ಕಪ್ಪ ಏಳಲೊಲ್ಲರು. ಯಾರಾದರೂ ಬಂದು ಹೇಳಿಕೆ ಬರೆಸಿಕೊಳ್ಳಬಹುದು ಅಂತ ವರಾಂಡದ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದರು. ಯಾರೂ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಬಾಗಿಲು ತೆರೆದುಕೊಂಡು ಕೂತಿದ್ದರು. ಚಿಕ್ಕಮ್ಮ ಕೂರುವ ಜಾಗದಲ್ಲಿ ಬೆಲ್ಟ್ ಇದೆ, ಸಿಕ್ಕಿಸೋಕೆ ಬಕಲ್ ಇಲ್ಲ. ಕಾರು ತಂದ ವಾರವೇ ಹಾಕಿಸಿದ ಸೀಟ್ ಕವರ್ ಅದನ್ನ ನುಂಗಿತ್ತು. ಇಬ್ಬರೂ ಸೇರಿ ಸೀಟಿನ ಸಂದಿಗೆ ಕೈ ಹಾಕಿದೆವು. ಕಡಲೆಕಾಯಿ ಸಿಪ್ಪೆ ಬಂತು, ಎರಡು ರೂಪಾಯಿ ನಾಣ್ಯ ಬಂತು, ಆಮೇಲೆ ಒಂದು ಬಕಲ್. ಇನ್ನೊಂದನ್ನ ಕವರ್ ಹಾಕಿದವನು ಹೊಲಿಗೆಯ ಒಳಗೇ ಸೇರಿಸಿಬಿಟ್ಟಿದ್ದ. ಚಿಕ್ಕಪ್ಪ ಬ್ಲೇಡ್ ತರೋಕೆ ಒಳಗೆ ಹೋದರು.