ಗಾಳಿಯಲ್ಲಿನ ತೇವದ ಲೆಕ್ಕ: ಮಂಗಳೂರಿಗೆ ಎಸಿ, ಕಲಬುರಗಿಗೆ ಕೂಲರ್ ಏಕೆ?

ಬೇಸಿಗೆ ಬಂತೆಂದರೆ ಎಲ್ಲೆಡೆ ಡಿಗ್ರಿಗಳದೇ ಮಾತು. ಕಲಬುರಗಿಯಲ್ಲಿ 40 ಡಿಗ್ರಿ ಸೆಲ್ಸಿಯಸ್, ಮಂಗಳೂರಿನಲ್ಲಿ 32 ಡಿಗ್ರಿ ಎಂದು ಓದಿದವರು ಕಲಬುರಗಿಯ ಗಾಳಿಯನ್ನು ತಂಪು ಮಾಡುವುದೇ ಕಷ್ಟದ ಕೆಲಸವೆಂದು ಭಾವಿಸುವುದು ಸಹಜ. ಆದರೆ ಹವಾನಿಯಂತ್ರಣ ಎಂಜಿನಿಯರರ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಹೊರಗಿನ ಗಾಳಿಯನ್ನು ಒಳಗೆ ತಂದು 24 ಡಿಗ್ರಿಗೆ ಇಳಿಸಲು ಮಂಗಳೂರಿನಲ್ಲಿ ಕಲಬುರಗಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೊರಹಾಕಬೇಕಾಗುತ್ತದೆ. ಇದಕ್ಕೆ ಕಾರಣ ಕಣ್ಣಿಗೆ ಕಾಣದ ನೀರಾವಿ.

ತೇವಭರಿತ ಗಾಳಿಯ ಗುಣಗಳನ್ನು ಅಳೆದು ಲೆಕ್ಕ ಹಾಕುವ ಈ ಶಾಸ್ತ್ರಕ್ಕೆ ಸೈಕ್ರೋಮೆಟ್ರಿ ಎಂದು ಹೆಸರು. ಮನೆಗೆ ಎಸಿ ಕೊಳ್ಳುವವರಿಂದ ಹಿಡಿದು ಕಲ್ಯಾಣ ಮಂಟಪ, ಆಸ್ಪತ್ರೆಗಳನ್ನು ಕಟ್ಟಿಸುವವರವರೆಗೆ ಎಲ್ಲರ ವೆಚ್ಚವನ್ನೂ ನಿರ್ಧರಿಸುವ ಈ ಲೆಕ್ಕವನ್ನು ಪ್ರೌಢಶಾಲೆಯ ಗಣಿತ ಬಲ್ಲ ಯಾರೂ ಅರಿಯಬಹುದು.

ಗಾಳಿ ಎಂಬ ಮಿಶ್ರಣ

ನಾವು ಉಸಿರಾಡುವ ಗಾಳಿ ಎರಡು ಅಂಶಗಳ ಮಿಶ್ರಣ: ಒಣ ಗಾಳಿ ಮತ್ತು ನೀರಾವಿ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 19ನೇ ಶತಮಾನದ ಆರಂಭದಲ್ಲಿ ನಿರೂಪಿಸಿದ ನಿಯಮದ ಪ್ರಕಾರ, ಮಿಶ್ರಣದ ಒಟ್ಟು ಒತ್ತಡವು ಪ್ರತಿಯೊಂದು ಅನಿಲದ ಪ್ರತ್ಯೇಕ ಒತ್ತಡಗಳ ಮೊತ್ತಕ್ಕೆ ಸಮ. ಸಮುದ್ರ ಮಟ್ಟದಲ್ಲಿ ಒಟ್ಟು ಒತ್ತಡ ಸುಮಾರು 101.3 ಕಿಲೊಪಾಸ್ಕಲ್. ಅದರಲ್ಲಿ ನೀರಾವಿಯ ಪಾಲು ತೀರಾ ಸಣ್ಣದು.

ಆ ಪಾಲಿಗೂ ಒಂದು ಮಿತಿಯುಂಟು. ನಿರ್ದಿಷ್ಟ ತಾಪಮಾನದಲ್ಲಿ ಆವಿಯ ಒತ್ತಡ ಒಂದು ಮಟ್ಟ ತಲುಪಿದೊಡನೆ ಹೆಚ್ಚುವರಿ ಆವಿ ನೀರಾಗಿ ಬೇರ್ಪಡುತ್ತದೆ. ಇದನ್ನು ಪರ್ಯಾಪ್ತ ಒತ್ತಡ ಎನ್ನುತ್ತಾರೆ. ಅದರ ಮೌಲ್ಯಗಳು ಹೀಗಿವೆ:

20 ಡಿಗ್ರಿ – 2.34 ಕಿಲೊಪಾಸ್ಕಲ್
24 ಡಿಗ್ರಿ – 2.98 ಕಿಲೊಪಾಸ್ಕಲ್
28 ಡಿಗ್ರಿ – 3.78 ಕಿಲೊಪಾಸ್ಕಲ್
32 ಡಿಗ್ರಿ – 4.76 ಕಿಲೊಪಾಸ್ಕಲ್
36 ಡಿಗ್ರಿ – 5.95 ಕಿಲೊಪಾಸ್ಕಲ್
40 ಡಿಗ್ರಿ – 7.38 ಕಿಲೊಪಾಸ್ಕಲ್

ಸುಮಾರು 12 ಡಿಗ್ರಿ ಏರಿದಾಗಲೆಲ್ಲ ಈ ಮಿತಿ ಹೆಚ್ಚುಕಡಿಮೆ ಇಮ್ಮಡಿಯಾಗುವುದು ಗಮನಾರ್ಹ. ಶಾಖ ಮತ್ತು ತೇವ ಒಟ್ಟಿಗೆ ಸೇರಿದಾಗ ಸೆಕೆ ಅಸಹನೀಯವಾಗುವುದರ ಮೂಲ ಇಲ್ಲಿದೆ.

ತಿಳಿದಿರಬೇಕಾದ ಪದಗಳು

ಶುಷ್ಕ ಬಲ್ಬ್ ತಾಪಮಾನ: ಸಾಮಾನ್ಯ ತಾಪಮಾಪಕ ತೋರಿಸುವ ತಾಪಮಾನ.

ಆರ್ದ್ರ ಬಲ್ಬ್ ತಾಪಮಾನ: ತಾಪಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸುವಂತೆ ಮಾಡಿದಾಗ ಕಾಣುವ ತಾಪಮಾನ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗಿ ಈ ಅಂಕಿ ಕೆಳಗಿಳಿಯುತ್ತದೆ.

ಸಾಪೇಕ್ಷ ಆರ್ದ್ರತೆ: ಗಾಳಿಯಲ್ಲಿರುವ ಆವಿಯ ಒತ್ತಡವು ಆ ತಾಪಮಾನದ ಪರ್ಯಾಪ್ತ ಒತ್ತಡದ ಶೇಕಡಾ ಎಷ್ಟು ಎಂಬುದು.

ಇಬ್ಬನಿ ಬಿಂದು: ಗಾಳಿಯನ್ನು ತಂಪು ಮಾಡುತ್ತ ಹೋದಾಗ ಹನಿಗಟ್ಟಲು ಆರಂಭವಾಗುವ ತಾಪಮಾನ. ತಣ್ಣನೆಯ ನೀರು ತುಂಬಿದ ಲೋಟದ ಹೊರಮೈ ಬೆವರುವುದು ಇದೇ ಕಾರಣದಿಂದ.

ತೇವಾಂಶ ಅನುಪಾತ: ಒಂದು ಕಿಲೋಗ್ರಾಂ ಒಣ ಗಾಳಿಯ ಜೊತೆಗಿರುವ ನೀರಾವಿಯ ತೂಕ.

ಎಂಥಾಲ್ಪಿ: ಒಂದು ಕಿಲೋಗ್ರಾಂ ಒಣ ಗಾಳಿ ಹಾಗೂ ಅದರ ಜೊತೆಗಿರುವ ಆವಿ, ಎರಡರಲ್ಲಿಯೂ ಅಡಗಿರುವ ಒಟ್ಟು ಶಾಖ.

ಲೆಕ್ಕದ ಕ್ರಮ

ತಾಪಮಾನ, ಸಾಪೇಕ್ಷ ಆರ್ದ್ರತೆ ಮತ್ತು ವಾಯುಭಾರ, ಈ ಮೂರು ತಿಳಿದರೆ ಉಳಿದೆಲ್ಲವನ್ನೂ ಕಂಡುಹಿಡಿಯಬಹುದು. ಮುಖ್ಯ ಸೂತ್ರಗಳು ಮೂರು:

ಆವಿಯ ಒತ್ತಡ = ಪರ್ಯಾಪ್ತ ಒತ್ತಡ × ಸಾಪೇಕ್ಷ ಆರ್ದ್ರತೆ ÷ 100

ತೇವಾಂಶ ಅನುಪಾತ = 0.622 × ಆವಿಯ ಒತ್ತಡ ÷ (ಒಟ್ಟು ಒತ್ತಡ – ಆವಿಯ ಒತ್ತಡ)

ಎಂಥಾಲ್ಪಿ = 1.006 × ತಾಪಮಾನ + ತೇವಾಂಶ ಅನುಪಾತ × (2501 + 1.86 × ತಾಪಮಾನ)

ಎರಡನೆಯ ಸೂತ್ರದ 0.622 ಎಂಬುದು ನೀರು ಮತ್ತು ಒಣ ಗಾಳಿಯ ಅಣುತೂಕಗಳ ಅನುಪಾತ. ಮೂರನೆಯ ಸೂತ್ರದ 2501 ಎಂಬುದು ಸೊನ್ನೆ ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಬೇಕಾಗುವ ಕಿಲೊಜೂಲ್‌ಗಳ ಸಂಖ್ಯೆ. ಇದೇ ಗುಪ್ತೋಷ್ಣ. ಹೋಲಿಸಿ ನೋಡಿ: ಒಂದು ಕಿಲೋಗ್ರಾಂ ಗಾಳಿಯ ತಾಪಮಾನವನ್ನು ಒಂದು ಡಿಗ್ರಿ ಇಳಿಸಲು ಒಂದು ಕಿಲೊಜೂಲ್ ಸಾಕು, ಆದರೆ ಅದರಿಂದ ಒಂದೇ ಒಂದು ಗ್ರಾಂ ತೇವ ತೆಗೆಯಲು ಸುಮಾರು ಎರಡೂವರೆ ಕಿಲೊಜೂಲ್ ಬೇಕು.

ಆರ್ದ್ರತಾಮಾಪಕ ಇಲ್ಲದವರು ಎರಡು ತಾಪಮಾಪಕಗಳಿಂದಲೇ ಕೆಲಸ ಸಾಧಿಸಬಹುದು. ಶುಷ್ಕ ಬಲ್ಬ್ 32, ಆರ್ದ್ರ ಬಲ್ಬ್ 24 ಇದ್ದರೆ ವ್ಯತ್ಯಾಸ 8 ಡಿಗ್ರಿ. ಇದನ್ನು ವಾಯುಭಾರ 101.3ರಿಂದಲೂ 0.000662ರಿಂದಲೂ ಗುಣಿಸಿದರೆ 0.54. ಇದನ್ನು 24 ಡಿಗ್ರಿಯ ಪರ್ಯಾಪ್ತ ಒತ್ತಡ 2.98ರಿಂದ ಕಳೆದರೆ ಆವಿಯ ಒತ್ತಡ 2.44. ಇದು 32 ಡಿಗ್ರಿಯ ಮಿತಿಯಾದ 4.76ರಲ್ಲಿ ಶೇ. 51. ಅದೇ ಸಾಪೇಕ್ಷ ಆರ್ದ್ರತೆ.

ಎರಡು ಊರು, ಎರಡು ಲೆಕ್ಕ

ಮೊದಲಿಗೆ ಮಂಗಳೂರಿನ ಒಂದು ಮಧ್ಯಾಹ್ನವನ್ನು ಪರಿಗಣಿಸೋಣ. ತಾಪಮಾನ 32 ಡಿಗ್ರಿ, ಆರ್ದ್ರತೆ ಶೇ. 70. ಆವಿಯ ಒತ್ತಡ 4.76 × 0.70 = 3.33 ಕಿಲೊಪಾಸ್ಕಲ್. ತೇವಾಂಶ ಅನುಪಾತ 0.622 × 3.33 ÷ 97.97 = 0.0211, ಅಂದರೆ ಪ್ರತಿ ಕಿಲೋಗ್ರಾಂ ಒಣ ಗಾಳಿಗೆ 21.1 ಗ್ರಾಂ ನೀರು. ಎಂಥಾಲ್ಪಿ 86.2 ಕಿಲೊಜೂಲ್.

ಕೋಣೆಯೊಳಗೆ ನಮಗೆ ಬೇಕಾದದ್ದು 24 ಡಿಗ್ರಿ, ಶೇ. 50 ಆರ್ದ್ರತೆ. ಇದೇ ಕ್ರಮದಲ್ಲಿ ಲೆಕ್ಕ ಹಾಕಿದರೆ 9.3 ಗ್ರಾಂ ನೀರು, 47.8 ಕಿಲೊಜೂಲ್. ವ್ಯತ್ಯಾಸ 38.4 ಕಿಲೊಜೂಲ್. ಇದರಲ್ಲಿ 8 ಡಿಗ್ರಿ ತಾಪಮಾನ ಇಳಿಸುವುದಕ್ಕೆ ಖರ್ಚಾಗುವುದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲು ಆವಿಯನ್ನು ನೀರಾಗಿಸಿ ಹೊರಹಾಕುವುದಕ್ಕೇ ವ್ಯಯವಾಗುತ್ತದೆ.

ಈಗ ಕಲಬುರಗಿ. ತಾಪಮಾನ 40 ಡಿಗ್ರಿ, ಆರ್ದ್ರತೆ ಶೇ. 20. ಊರು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಒಟ್ಟು ಒತ್ತಡ ಸುಮಾರು 96 ಕಿಲೊಪಾಸ್ಕಲ್. ತೇವಾಂಶ 9.7 ಗ್ರಾಂ, ಎಂಥಾಲ್ಪಿ 65.2 ಕಿಲೊಜೂಲ್. ಅಲ್ಲಿ 24 ಡಿಗ್ರಿ, ಶೇ. 50ರ ಕೋಣೆಯ ಗಾಳಿಯಲ್ಲಿ 9.8 ಗ್ರಾಂ ನೀರು ಹಾಗೂ 49.1 ಕಿಲೊಜೂಲ್ ಇರುತ್ತವೆ. ತೆಗೆಯಬೇಕಾದ ಶಾಖ 16.1 ಕಿಲೊಜೂಲ್ ಮಾತ್ರ. ತೇವ ತೆಗೆಯುವ ಪ್ರಶ್ನೆಯೇ ಇಲ್ಲ.

ಸೆಕೆಂಡಿಗೆ ಒಂದು ಕಿಲೋಗ್ರಾಂ ಹೊರಗಾಳಿ ಬೇಕಾದ ಸಭಾಂಗಣವಿದೆ ಎನ್ನೋಣ. ನೂರರಷ್ಟು ಜನ ಸೇರುವ ಕಡೆ ತಾಜಾ ಗಾಳಿಯ ಅಗತ್ಯ ಹೆಚ್ಚುಕಡಿಮೆ ಇಷ್ಟಿರುತ್ತದೆ. ಒಂದು ಟನ್ ಎಸಿ ಎಂದರೆ 3.517 ಕಿಲೊವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಈ ಹೊರಗಾಳಿಯೊಂದಕ್ಕೇ ಮಂಗಳೂರಿನಲ್ಲಿ ಸುಮಾರು 11 ಟನ್, ಕಲಬುರಗಿಯಲ್ಲಿ ಸುಮಾರು 4.6 ಟನ್ ಬೇಕು. ಮಂಗಳೂರಿನ ಯಂತ್ರ ಗಂಟೆಗೆ 42 ಲೀಟರ್‌ನಷ್ಟು ನೀರನ್ನೂ ಹೊರಹಾಕಬೇಕು. ಬಿಸಿಲು, ಗೋಡೆ, ದೀಪ ಹಾಗೂ ಜನರ ಮೈಶಾಖದ ಲೆಕ್ಕ ಇದಕ್ಕೆ ಪ್ರತ್ಯೇಕವಾಗಿ ಸೇರುತ್ತದೆ.

ಕೂಲರ್ ಎಲ್ಲಿ ಸಾರ್ಥಕ?

ಏರ್ ಕೂಲರ್ ನೀರನ್ನು ಆವಿಯಾಗಿಸಿ ಗಾಳಿಯನ್ನು ತಂಪು ಮಾಡುವ ಸಾಧನ. ಅದು ಗಾಳಿಯನ್ನು ಆರ್ದ್ರ ಬಲ್ಬ್ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ಮೇಲಿನ ಉದಾಹರಣೆಯಲ್ಲಿ ಕಲಬುರಗಿಯ ಆರ್ದ್ರ ಬಲ್ಬ್ ತಾಪಮಾನ ಸುಮಾರು 22 ಡಿಗ್ರಿ. ಈ 18 ಡಿಗ್ರಿ ಅಂತರದ ಶೇ. 80ನ್ನು ಕೂಲರ್ ಕ್ರಮಿಸಿದರೂ 25.6 ಡಿಗ್ರಿಯ ಗಾಳಿ ದೊರೆಯುತ್ತದೆ. ಮಂಗಳೂರಿನಲ್ಲಿ ಆರ್ದ್ರ ಬಲ್ಬ್ ತಾಪಮಾನ ಸುಮಾರು 27.3 ಡಿಗ್ರಿ. ಅದೇ ಕೂಲರ್ ಅಲ್ಲಿ 28.2 ಡಿಗ್ರಿಯ, ಶೇ. 90ಕ್ಕೂ ಹೆಚ್ಚು ಆರ್ದ್ರತೆಯ ಗಾಳಿಯನ್ನು ನೀಡುತ್ತದೆ. ಕರಾವಳಿಯಲ್ಲಿ ಕೂಲರ್ ಕೊಂಡವರು ಬಟ್ಟೆ ಒಣಗದ, ಮೈ ಅಂಟುವ ಕೋಣೆಯಲ್ಲಿ ಕೂರಬೇಕಾಗುವುದು ಇದರಿಂದಲೇ.

ಬೆಂಗಳೂರಿನ ಎತ್ತರ

ಸೈಕ್ರೋಮೆಟ್ರಿಯ ಮುದ್ರಿತ ನಕ್ಷೆಗಳಲ್ಲಿ ಹೆಚ್ಚಿನವು ಸಮುದ್ರ ಮಟ್ಟಕ್ಕೆ ಸಿದ್ಧಪಡಿಸಿದಂಥವು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ 90.8 ಕಿಲೊಪಾಸ್ಕಲ್ ಆಸುಪಾಸು. ಅಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುವುದು ಇದೇ ಕಾರಣಕ್ಕೆ. ಸೂತ್ರದಲ್ಲಿ ಈ ಅಂಕಿಯನ್ನು ಬಳಸಿದರೆ 24 ಡಿಗ್ರಿ, ಶೇ. 50ರ ಗಾಳಿಯ ತೇವಾಂಶ 9.3ರ ಬದಲು 10.4 ಗ್ರಾಂ ಆಗುತ್ತದೆ.

ಇನ್ನೂ ಮುಖ್ಯವಾದದ್ದು ಗಾಳಿಯ ಸಾಂದ್ರತೆ. ಫ್ಯಾನ್ ತಳ್ಳುವುದು ಗಾಳಿಯ ಗಾತ್ರವನ್ನು. ಆದರೆ ಶಾಖವನ್ನು ಹೊತ್ತೊಯ್ಯುವುದು ಗಾಳಿಯ ತೂಕ. ಬೆಂಗಳೂರಿನ ಗಾಳಿ ಸುಮಾರು ಶೇ. 10ರಷ್ಟು ಹಗುರವಾಗಿರುವುದರಿಂದ ಅಷ್ಟೇ ಶಾಖ ಸಾಗಿಸಲು ಸುಮಾರು ಶೇ. 12ರಷ್ಟು ಹೆಚ್ಚು ಗಾತ್ರದ ಗಾಳಿ ಬೇಕು. ಇದನ್ನು ಮರೆತು ಫ್ಯಾನ್ ಹಾಗೂ ಗಾಳಿ ಕೊಳವೆಗಳನ್ನು ಆರಿಸಿದರೆ ಕಟ್ಟಡ ಎಣಿಸಿದಷ್ಟು ತಂಪಾಗದು.

ದೊಡ್ಡ ಎಸಿ ಒಳ್ಳೆಯ ಎಸಿಯಲ್ಲ

ಶೇ. 50 ಆರ್ದ್ರತೆಯ 24 ಡಿಗ್ರಿ ಗಾಳಿಯ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಕೋಣೆಯನ್ನು ಈ ಸ್ಥಿತಿಯಲ್ಲಿರಿಸಿ ತೇವ ತೆಗೆಯಬೇಕಾದರೆ ಎಸಿಯ ಕಾಯಿಲ್ ಅದಕ್ಕಿಂತ ತಣ್ಣಗಿರಬೇಕು ಮತ್ತು ಸಾಕಷ್ಟು ಹೊತ್ತು ಹಾಗೆಯೇ ಇರಬೇಕು. ಒಂದು ಟನ್ ಸಾಕಾಗುವ ಕೋಣೆಗೆ ಎರಡು ಟನ್ನಿನ ಸಾಮಾನ್ಯ ಎಸಿ ಹಾಕಿದರೆ, ಅದು ಕೆಲವೇ ನಿಮಿಷಗಳಲ್ಲಿ ತಾಪಮಾನ ಇಳಿಸಿ ನಿಂತುಬಿಡುತ್ತದೆ. ಕಾಯಿಲ್ ಮೇಲಿನ ನೀರು ಬಸಿದು ಹೋಗುವ ಮೊದಲೇ ಮತ್ತೆ ಗಾಳಿಗೆ ಸೇರುತ್ತದೆ. ಕೋಣೆ ತಣ್ಣಗಿದ್ದರೂ ಗಾಳಿ ಹಸಿಯಾಗಿರುತ್ತದೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಆಗ ಜನ ಎಸಿಯನ್ನು ಇನ್ನೂ ಕಡಿಮೆ ಡಿಗ್ರಿಗೆ ಇಳಿಸುತ್ತಾರೆ, ವಿದ್ಯುತ್ ಬಿಲ್ಲು ಏರುತ್ತದೆ. ಭಾರತದಲ್ಲಿ 2020ರ ಜನವರಿಯಿಂದ ಕೋಣೆ ಎಸಿಗಳು ಆರಂಭದಲ್ಲಿ 24 ಡಿಗ್ರಿಗೆ ನಿಗದಿಯಾಗಿರಬೇಕೆಂಬ ನಿಯಮವಿದೆ. ಆರ್ದ್ರತೆ ಹತೋಟಿಯಲ್ಲಿದ್ದರೆ ಆ 24 ಡಿಗ್ರಿ ಹಿತಕರವೇ ಆಗಿರುತ್ತದೆ.

ಬಿಸಿ ಮಾಡುವಾಗ

ಚಳಿ ದೇಶಗಳಲ್ಲಿ ಸಮಸ್ಯೆ ತಿರುವುಮುರುವು. ಸೊನ್ನೆ ಡಿಗ್ರಿಯ, ಶೇ. 80 ಆರ್ದ್ರತೆಯ ಹೊರಗಾಳಿಯಲ್ಲಿ ಆವಿಯ ಒತ್ತಡ 0.49 ಕಿಲೊಪಾಸ್ಕಲ್ ಮಾತ್ರ. ಅದನ್ನು 22 ಡಿಗ್ರಿಗೆ ಕಾಯಿಸಿದರೆ ಆವಿ ಅಷ್ಟೇ ಇರುತ್ತದೆ, ಮಿತಿ ಮಾತ್ರ 2.64ಕ್ಕೆ ಏರುತ್ತದೆ, ಆರ್ದ್ರತೆ ಶೇ. 19ಕ್ಕೆ ಕುಸಿಯುತ್ತದೆ. ಅಮೆರಿಕ, ಯೂರೋಪುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಚಳಿಗಾಲದಲ್ಲಿ ತುಟಿ ಒಡೆಯುವ, ಮೂಗು ಒಣಗುವ ಅನುಭವ ಹೊಸದೇನಲ್ಲ. ಅಲ್ಲಿ ಹೀಟರ್ ಜೊತೆಗೆ ತೇವ ಸೇರಿಸುವ ಯಂತ್ರವೂ ಬೇಕಾಗುತ್ತದೆ.

ಮುದ್ರಣಾಲಯದಿಂದ ಬಂದ ಶಾಸ್ತ್ರ

ಆಧುನಿಕ ಹವಾನಿಯಂತ್ರಣ ಹುಟ್ಟಿದ್ದು ಜನರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಸ್ಥಾನ ತಪ್ಪುತ್ತಿದ್ದವು. ಇದರ ಪರಿಹಾರಕ್ಕಾಗಿ 1902ರಲ್ಲಿ ಯುವ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಗಾಳಿಯ ತೇವವನ್ನು ಹಿಡಿತದಲ್ಲಿಡುವ ವ್ಯವಸ್ಥೆ ರೂಪಿಸಿದರು. ತಮ್ಮ ಸೂತ್ರಗಳನ್ನು 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರರ ಸಂಘದ ಮುಂದೆ ಮಂಡಿಸಿದರು. ಜರ್ಮನಿಯ ರಿಚರ್ಡ್ ಮೋಲಿಯರ್ 1923ರಲ್ಲಿ ಎಂಥಾಲ್ಪಿ ಆಧಾರಿತ ನಕ್ಷೆ ನೀಡಿದರು. ಇಂದು ಗಣಕ ತಂತ್ರಾಂಶ ಕ್ಷಣಾರ್ಧದಲ್ಲಿ ಉತ್ತರ ಕೊಟ್ಟರೂ ಅದರೊಳಗಿನ ತರ್ಕ ಬದಲಾಗಿಲ್ಲ.

ದೇಹದ ಮಿತಿ

ಬೆವರು ಆರುವ ಮೂಲಕವೇ ನಮ್ಮ ದೇಹ ತಂಪಾಗುವುದು. ಆದ್ದರಿಂದ ಆರ್ದ್ರ ಬಲ್ಬ್ ತಾಪಮಾನ ಆರೋಗ್ಯದ ಅಳತೆಗೋಲೂ ಹೌದು. ಅದು 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಕುಳಿತ ಆರೋಗ್ಯವಂತರೂ ಹೆಚ್ಚು ಹೊತ್ತು ತಾಳಲಾರರೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ತೇವಭರಿತ ವಾತಾವರಣದಲ್ಲಿ ಲಘು ಚಟುವಟಿಕೆಯಲ್ಲಿದ್ದ ಆರೋಗ್ಯವಂತ ಯುವಜನರ ದೇಹವೂ ಸುಮಾರು 31 ಡಿಗ್ರಿಯ ಹೊತ್ತಿಗೇ ಶಾಖದ ಸಮತೋಲ ಕಳೆದುಕೊಳ್ಳತೊಡಗುತ್ತದೆ. ವೃದ್ಧರಿಗೆ, ರೋಗಿಗಳಿಗೆ ಈ ಮಿತಿ ಇನ್ನೂ ಕೆಳಗೆ.

ಆದುದರಿಂದ ಎಸಿ ಅಥವಾ ಕೂಲರ್ ಕೊಳ್ಳುವ ಮುನ್ನ ಊರಿನ ಗರಿಷ್ಠ ತಾಪಮಾನದ ಜೊತೆಗೆ ಆ ಹೊತ್ತಿನ ಆರ್ದ್ರತೆಯನ್ನೂ ಗುರುತು ಮಾಡಿಕೊಳ್ಳುವುದು ಒಳಿತು. ಹವಾಮಾನ ವರದಿಗಳಲ್ಲಿ ಈ ಎರಡೂ ಅಂಕಿಗಳು ದೊರೆಯುತ್ತವೆ. ಮುಂಜಾನೆಯ ಶೇ. 90 ಆರ್ದ್ರತೆಯನ್ನು ಮಧ್ಯಾಹ್ನದ ತಾಪಮಾನದೊಂದಿಗೆ ಜೋಡಿಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಎರಡೂ ಒಂದೇ ಹೊತ್ತಿನವಾಗಿರಬೇಕು. ದೊಡ್ಡ ಕಟ್ಟಡವಾದರೆ, ಹೊರಗಾಳಿಯ ತೇವಕ್ಕೆ ಎಷ್ಟು ಟನ್ ಮೀಸಲಿಡಲಾಗಿದೆ, ಯಾವ ಎತ್ತರದ ವಾಯುಭಾರ ಬಳಸಲಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಗುತ್ತಿಗೆದಾರರಿಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.