ಹೊಲಸು ನೀರಿನ ಹೊನ್ನು

ಸಕಲೇಶಪುರ ಮತ್ತು ಆಲೂರು ಸೀಮೆಯಲ್ಲಿ ಹರಿಯುವ ನದಿಯ ಹೆಸರು ಹೇಮಾವತಿ. ಹೇಮ ಎಂದರೆ ಚಿನ್ನ. ಆದರೆ ಈ ಬೆಟ್ಟಗಳ ಮನೆಗಳಿಗೆ ಚಿನ್ನ ಬಂದದ್ದು ಹೊಳೆಯ ಮರಳಿನಿಂದಲ್ಲ, ಕಾಫಿಯ ಗಿಡದಿಂದ. ಹಜ್ಜ್ ಯಾತ್ರೆ ಮುಗಿಸಿ ಬರುವಾಗ ಬಾಬಾ ಬುಡನ್ ಅವರು ಯಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಜನರ ನಂಬಿಕೆ. 19ನೇ ಶತಮಾನದಲ್ಲಿ ಆ ಬೆಳೆ ಮಂಜರಾಬಾದ್ ಸೀಮೆಯಲ್ಲಿ ದೊಡ್ಡ ತೋಟಗಳಾಗಿ ಹರಡಿತು. ಸಕಲೇಶಪುರ ಸೀಮೆಗೆ ಮಂಜರಾಬಾದ್ ಎಂಬ ಈ ಹೆಸರು ಬಂದದ್ದು ಟಿಪ್ಪು ಸುಲ್ತಾನರು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ. 1850ರ ದಶಕದಲ್ಲಿ ಇಲ್ಲಿಗೆ ಬಂದ ಕಾಫಿ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರ ಹೆಸರು 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್'. ಕಾಫಿ ಬೆಳೆದವನ ಪುಸ್ತಕದ ಹೆಸರಿನಲ್ಲೂ ಮೊದಲ ಸ್ಥಾನ ಚಿನ್ನಕ್ಕೇ. ಅದು ಕೋಲಾರದ ಚಿನ್ನ.

ನಾವು ಚಿನ್ನದ ಇತಿಹಾಸವನ್ನು ಗಣಿಯಿಂದ ಆರಂಭಿಸಿ ಕೊರಳಿನಲ್ಲಿ ಮುಗಿಸುತ್ತೇವೆ. ಗಣಿಯ ಒಡೆಯ, ವ್ಯಾಪಾರಿ, ಅಕ್ಕಸಾಲಿಗ, ಒಡವೆ ತೊಟ್ಟವರು, ಇವರೆಲ್ಲ ಅದರಲ್ಲಿ ಬರುತ್ತಾರೆ. ಆದರೆ ಅಂಗಡಿಯ ಕಸದಲ್ಲಿ, ಕುಲುಮೆಯ ಬೂದಿಯಲ್ಲಿ, ಒಡವೆ ತೊಳೆದ ನೀರಿನಲ್ಲಿ ಕಳೆದುಹೋದ ಚಿನ್ನವನ್ನು ಮರಳಿ ಹೆಕ್ಕಿ ಕೊಟ್ಟವನು ಬರುವುದಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಅವನ ಕಥೆಯನ್ನು.

ಜಲಗಾರ ಮತ್ತು ನಿಯಾರಿಯಾ

ಕನ್ನಡದಲ್ಲಿ ಅವನ ಹೆಸರು ಜಲಗಾರ. ಇಂದು ಈ ಪದ ಕೇಳಿದರೆ ಬೀದಿ ಗುಡಿಸುವವನು ನೆನಪಾಗುತ್ತಾನೆ. ಕುವೆಂಪು ಅವರ 'ಜಲಗಾರ' ನಾಟಕದಲ್ಲಿರುವುದೂ ಅದೇ ಅರ್ಥ. ಆದರೆ ಮಣ್ಣನ್ನೂ ಅಕ್ಕಸಾಲಿಗರ ಕಸವನ್ನೂ ತೊಳೆದು ಚಿನ್ನ ತೆಗೆಯುವವನಿಗೂ ಇದೇ ಹೆಸರಿತ್ತು. ಗದಗ ಸಮೀಪದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದುದು 19ನೇ ಶತಮಾನದ ಬ್ರಿಟಿಷ್ ಬರಹಗಳಲ್ಲಿ ದಾಖಲಾಗಿದೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿಗಳ ಕುರಿತ ಗ್ರಂಥದಲ್ಲಿ ತೆಲುಗು ಸೀಮೆಯ ಜಲಗಡುಗರು ಬರುತ್ತಾರೆ. ಒಡವೆ ಅಂಗಡಿಗಳ ಮುಂದಿನ ಚರಂಡಿಯ ರಾಡಿಯನ್ನು ಬಾಚಿ ಚಿನ್ನ ಹುಡುಕುವುದೇ ಅವರ ಕಸುಬು.

ಉತ್ತರ ಭಾರತದಲ್ಲಿ ಈ ಕಸುಬಿನವರು ನಿಯಾರಿಯಾ ಎನಿಸಿಕೊಂಡರು. ಅವರಲ್ಲಿ ಬಹುಪಾಲು ಮುಸ್ಲಿಮರು. ಅಕ್ಬರನ ಆಡಳಿತವನ್ನು ವಿವರಿಸುವ ಅಬುಲ್ ಫಝಲ್‌ರ 'ಐನೆ ಅಕ್ಬರಿ'ಯಲ್ಲಿ ಟಂಕಸಾಲೆಯ ಕೆಲಸಗಾರರ ಪಟ್ಟಿಯೊಳಗೆ ನಿಯಾರಿಯಾನಿಗೂ ಸ್ಥಾನವಿದೆ. ಚಿನ್ನದ ತಗಡುಗಳಿಗೆ ಪೆಟ್ಲುಪ್ಪು ಮತ್ತು ಹಸಿ ಇಟ್ಟಿಗೆಯ ಪುಡಿ ಹಚ್ಚಿ ಬೆರಣಿಯ ಬೆಂಕಿಯಲ್ಲಿ ಪುಟವಿಟ್ಟಾಗ ಬೆರಕೆಯ ಬೆಳ್ಳಿ ಆ ಪುಡಿಗೆ ಇಳಿಯುತ್ತದೆ. ಅದರ ಜೊತೆಗೆ ಸ್ವಲ್ಪ ಚಿನ್ನವೂ ಹೋಗುತ್ತದೆ. ನಿಯಾರಿಯಾ ಆ ಬೂದಿಯನ್ನು ನೀರಿನಲ್ಲಿ ತೊಳೆದು, ತಳಕ್ಕಿಳಿದದ್ದನ್ನು ಪಾದರಸದೊಂದಿಗೆ ತಿಕ್ಕುತ್ತಾನೆ. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಬೆಂಕಿಗಿಟ್ಟರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಈ ಕೆಲಸದ ಕೂಲಿಯನ್ನೂ ಅಬುಲ್ ಫಝಲ್ ದಾಮ್ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಆ ಆವಿ ಯಾರ ಶ್ವಾಸಕೋಶ ಸೇರಿತು ಎಂಬ ಲೆಕ್ಕ ಮಾತ್ರ ಅಲ್ಲಿಲ್ಲ.

ಈ ವಿದ್ಯೆಯನ್ನು ಗ್ರಂಥವಾಗಿಸಿದ ಪರಂಪರೆಯೂ ನಮ್ಮಲ್ಲಿದೆ. ಕಾಫಿ ಕೊಟ್ಟ ಅದೇ ಯಮನ್‌ನ ವಿದ್ವಾಂಸ ಅಲ್ ಹಮ್ದಾನಿ 10ನೇ ಶತಮಾನದಲ್ಲಿ ಚಿನ್ನ ಮತ್ತು ಬೆಳ್ಳಿಯ ಶುದ್ಧೀಕರಣದ ಬಗ್ಗೆಯೇ ಒಂದು ಪುಸ್ತಕ ಬರೆದರು. ಇನ್ನು ಚಿನ್ನ ಕರಗಿಸುವ ಆಮ್ಲವನ್ನು ಕಂಡುಹಿಡಿದವರು ಜಾಬಿರ್ ಬಿನ್ ಹಯ್ಯಾನ್ ಎಂದು ನಮ್ಮ ಲೇಖನ, ಭಾಷಣಗಳಲ್ಲಿ ಹೇಳುವ ರೂಢಿಯಿದೆ. ಆದರೆ ಆ ಆಮ್ಲದ ಸ್ಪಷ್ಟ ವಿವರಣೆ ಸಿಗುವುದು ಅವರಿಗಿಂತ ಬಹಳ ನಂತರ, ಯುರೋಪಿನಲ್ಲಿ ಅವರ ಹೆಸರಿಟ್ಟುಕೊಂಡು ಲ್ಯಾಟಿನ್‌ನಲ್ಲಿ ಬರೆದ ಗ್ರಂಥಗಳಲ್ಲಿ. ಅರಬ್ ರಸಾಯನ ಶಾಸ್ತ್ರದ ನಿಜವಾದ ಸಾಧನೆಯೇ ಸಾಕಷ್ಟಿರುವಾಗ ಇಲ್ಲದ್ದನ್ನು ಸೇರಿಸುವ ಅಗತ್ಯ ನಮಗಿಲ್ಲ.

ತೇಜಾಬಿನ ಪಾತ್ರೆಯಲ್ಲಿ

ಬೂದಿಯ ಜಾಗಕ್ಕೆ ಆಮ್ಲ ಬಂದ ಮೇಲೆ ಕಸುಬಿನ ಸ್ವರೂಪವೇ ಬದಲಾಯಿತು. ನೈಟ್ರಿಕ್ ಆಮ್ಲ, ಅಂದರೆ ಅಕ್ಕಸಾಲಿಗರ ತೇಜಾಬು, ಬೆಳ್ಳಿ ಮತ್ತು ತಾಮ್ರವನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆತರೆ ರಾಜದ್ರಾವಕವಾಗುತ್ತದೆ. ಆಗ ಚಿನ್ನವೂ ಕರಗುತ್ತದೆ. 1940ರಲ್ಲಿ ನಾಝಿ ಸೇನೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ನುಗ್ಗಿದಾಗ ವಿಜ್ಞಾನಿ ಜಾರ್ಜ್ ಡಿ ಹೆವೆಸಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳನ್ನು ಹೀಗೆ ಕರಗಿಸಿ ಪ್ರಯೋಗಾಲಯದ ಕಪಾಟಿನಲ್ಲಿಟ್ಟರು. ಸೈನಿಕರಿಗೆ ಗೊತ್ತಾಗಲಿಲ್ಲ. ಯುದ್ಧದ ನಂತರ ಅದೇ ದ್ರಾವಣದಿಂದ ಚಿನ್ನ ತೆಗೆದು ಪದಕಗಳನ್ನು ಮತ್ತೆ ಎರಕ ಹೊಯ್ಯಲಾಯಿತು. ಕರಗಿದ ಚಿನ್ನ ಕಳೆದುಹೋದ ಚಿನ್ನವಲ್ಲ.

ಆದರೆ ಒಡವೆ ಅಂಗಡಿಯ ದ್ರಾವಣ ಅಷ್ಟು ಶುದ್ಧವಾಗಿರುವುದಿಲ್ಲ. ಅದರಲ್ಲಿ ತಾಮ್ರ, ಸತು, ನಿಕಲ್, ಕಬ್ಬಿಣ ಎಲ್ಲವೂ ಬೆರೆತು ಹಸಿರು ರಾಡಿಯಾಗಿರುತ್ತದೆ. ಬೆಳ್ಳಿ ಬಿಳಿ ಗಸಿಯಾಗಿ ತಳ ಸೇರುತ್ತದೆ. ಇದರಿಂದ ಚಿನ್ನ ತೆಗೆಯುವುದೇ ನಿಜವಾದ ಜಾಣ್ಮೆ. ದ್ರಾವಣದಲ್ಲಿ ಉಳಿದ ನೈಟ್ರಿಕ್ ಆಮ್ಲವನ್ನು ಮೊದಲು ಹೊರಹಾಕಬೇಕು. ಇಲ್ಲದಿದ್ದರೆ ಕೆಳಗಿಳಿದ ಚಿನ್ನ ಮತ್ತೆ ಕರಗುತ್ತದೆ. ಬಳಿಕ ಅನ್ನಭೇದಿ ಹಾಕಿದರೆ ಚಿನ್ನ ಮಾತ್ರ ಕಂದು ಪುಡಿಯಾಗಿ ತಳಕ್ಕಿಳಿಯುತ್ತದೆ, ತಾಮ್ರ ನೀರಿನಲ್ಲೇ ಉಳಿಯುತ್ತದೆ. ಅವಸರಕ್ಕೆ ಸತುವಿನ ಚೂರು ಹಾಕಿದರೆ ಚಿನ್ನದ ಜೊತೆ ತಾಮ್ರವೂ ಇಳಿದು, ಕೆಲಸ ಮತ್ತೆ ಮೊದಲಿನಿಂದ.

ಈ ಕೆಲಸದಲ್ಲಿ ಏಳುವ ಕೆಂಪು ಕಂದು ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ. ಅದರ ಪರಿಣಾಮ ಕೆಲವೊಮ್ಮೆ ಹಲವು ಗಂಟೆಗಳ ನಂತರ ಕಾಣಿಸುತ್ತದೆ. ಚಿನ್ನದ ಲೇಪಕ್ಕೆ ಬಳಸುವ ಸೈನೈಡ್ ದ್ರಾವಣಕ್ಕೆ ಆಮ್ಲ ತಗುಲಿದರೆ ಏಳುವುದು ಕೊಲ್ಲುವ ವಿಷಾನಿಲ. ಕೊನೆಗುಳಿದ ಹಸಿರು ನೀರನ್ನು ಸುಣ್ಣ ಹಾಕಿ ತಟಸ್ಥಗೊಳಿಸಿ, ಲೋಹದ ಕೆಸರನ್ನು ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕು. ಅದಕ್ಕೆ ಖರ್ಚಿದೆ, ಲಾಭವಿಲ್ಲ. ಹಾಗಾಗಿ ಆ ನೀರು ಚರಂಡಿಗೆ ಹೋಗುತ್ತದೆ.

ಕೋಲಾರದ ದಿಬ್ಬಗಳು

ಬೀದಿಯಂಚಿನ ಜಲಗಾರ ಸಣ್ಣ ಪಾತ್ರೆಯಲ್ಲಿ ಮಾಡಿದ್ದನ್ನೇ ಕೋಲಾರ ಬೃಹತ್ ಪ್ರಮಾಣದಲ್ಲಿ ಮಾಡಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿಗೆ ಕಾಲಿಟ್ಟಿತು. ಆರಂಭದಲ್ಲಿ ಅದಿರನ್ನು ಪುಡಿಮಾಡಿ ಪಾದರಸದಿಂದ ಚಿನ್ನ ಹಿಡಿಯುತ್ತಿದ್ದರು. ಅಷ್ಟಾದರೂ ಉಳಿದ ಮರಳಿನಲ್ಲಿ ಚಿನ್ನ ಇದ್ದೇ ಇತ್ತು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದ ನಂತರ ಅದು ಕೋಲಾರಕ್ಕೂ ಬಂತು. ಮರಳಿನ ಚಿನ್ನ ಸೈನೈಡ್ ನೀರಿಗೆ ಇಳಿಯುತ್ತದೆ, ಆ ನೀರು ಸತುವಿನ ಚೂರುಗಳ ಮೇಲೆ ಹರಿದಾಗ ಚಿನ್ನ ಕಪ್ಪು ಕೆಸರಾಗಿ ಅಲ್ಲಿ ನಿಲ್ಲುತ್ತದೆ.

ಚಿನ್ನ ಲಂಡನ್ನಿಗೆ ಹೋಯಿತು. ಸೈನೈಡ್ ಕಂಡ ಮರಳು ಕೆಜಿಎಫ್‌ನಲ್ಲೇ ದಿಬ್ಬವಾಗಿ ನಿಂತಿತು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಹೋಗಲಿಲ್ಲ. ಗಾಳಿ ಬೀಸಿದಾಗ ಅವುಗಳ ನುಣುಪು ಧೂಳು ಪಕ್ಕದ ಕಾರ್ಮಿಕ ಕಾಲೊನಿಗಳ ಮೇಲೆ ಸುರಿಯುತ್ತದೆ. ಅಲ್ಲಿರುವವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು ಸಾವಿರ ಎಕರೆಯಲ್ಲಿ ಹರಡಿದ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಬೆಲೆ ಏರಿದಾಗ ಕಸವೂ ಅದಿರಾಗುತ್ತದೆ.

ಟಂಕಸಾಲೆಯಿಂದ ಕೆಜಿಎಫ್‌ವರೆಗಿನ ಈ ಇತಿಹಾಸದಲ್ಲಿ ಒಂದು ಸಂಗತಿ ಬದಲಾಗಿಲ್ಲ. ಚಿನ್ನದ ಕಣಕಣಕ್ಕೂ ಲೆಕ್ಕವಿದೆ, ಅದಕ್ಕಾಗಿ ಸುರಿದ ವಿಷಕ್ಕೆ ಲೆಕ್ಕವಿಲ್ಲ. ಕಳೆದುಹೋದ ಚಿನ್ನವನ್ನು ಮರಳಿ ಪಡೆಯುವ ಕಲೆಯನ್ನು ಮನುಷ್ಯ ಸಾವಿರ ವರ್ಷಗಳಿಂದ ಬಲ್ಲ. ಕಳೆದುಹೋದ ಆರೋಗ್ಯವನ್ನು ಮರಳಿಸುವ ಕಲೆ ಅವನಿಗೆ ಸಿದ್ಧಿಸಿಲ್ಲ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿ ಹಾನಿಯೂ ಸಲ್ಲದು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೂಲ ನಿಯಮಗಳಲ್ಲೊಂದು. ವ್ಯಾಪಾರ ಹಲಾಲಾಗಬೇಕಾದರೆ ತೂಕ ಸರಿಯಿದ್ದರಷ್ಟೇ ಸಾಲದು, ಅದರ ಹೊಲಸು ಯಾರ ಮನೆಯ ಬಾವಿ ಸೇರಿತೆಂದೂ ಕೇಳಬೇಕು. ಕೋಲಾರದ ದಿಬ್ಬಗಳನ್ನು ಮತ್ತೆ ಅಗೆಯುವ ಮೊದಲು ಅಲ್ಲಿನ ಧೂಳಿಗೆ, ನೀರಿಗೆ, ಕಾಲೊನಿಯ ಜನರ ಚಿಕಿತ್ಸೆಗೆ ಯಾರು ಹೊಣೆ ಎಂಬುದು ಕಾಗದದಲ್ಲಿ ಬರಬೇಕು. ಚಿನ್ನ ಎಷ್ಟು ಸಿಗುತ್ತದೆಂಬ ಲೆಕ್ಕ ಅದರ ನಂತರ.