ಗಡ್ಡದ ಗೆರೆ

ನಿವೃತ್ತಿಯ ನಂತರ ನಾನು ಗಡ್ಡ ಬಿಟ್ಟಿರುವುದನ್ನು ಕಂಡು ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ನಕ್ಕಿದ್ದೀರಿ. ಮೊನ್ನೆ ಬಳ್ಳಾರಿಯ ಸಲೂನೊಂದರಲ್ಲಿ ಕುಳಿತಾಗ ಅಲ್ಲಿಯ ತರುಣ, "ಸಾರ್, ಗೆರೆ ಹೊಡೀಲಾ, ಫೇಡ್ ಮಾಡ್ಲಾ?" ಎಂದು ಕೇಳಿದ. ಇತಿಹಾಸ ಬೋಧಿಸಿದ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆತನೇ ಗುರುವಾಗಿ ತಿಳಿಸಿಕೊಟ್ಟ.

ಕೆನ್ನೆಯ ಮೇಲೂ ಗಂಟಲ ಮೇಲೂ ಕತ್ತಿಯಿಂದ ಅಂಚು ಎಳೆದರೆ ಗಡ್ಡ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ದಟ್ಟವಾದ ಕಪ್ಪು ಗಡ್ಡಕ್ಕೆ ಅದು ಶೋಭೆ. ಆದರೆ ಎರಡೇ ದಿನಗಳಲ್ಲಿ ಅಂಚಿನಾಚೆ ಕೂದಲು ಮೊಳೆತು ಗೆರೆ ಕೆಡುತ್ತದೆ. ಫೇಡ್ ಎಂದರೆ ಮಷಿನ್ನಿನ ಬಾಚಣಿಗೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬದಲಿಸುತ್ತ, ಕೂದಲನ್ನು ಕ್ರಮೇಣ ಗಿಡ್ಡಗೊಳಿಸಿ ಚರ್ಮದಲ್ಲಿ ಕರಗಿಸುವುದು. ನನ್ನಂಥವರ ವಿರಳವಾದ, ನರೆತ ಗಡ್ಡಕ್ಕೆ ಇದೇ ಲೇಸಂತೆ.

ನನ್ನ ಬಾಲ್ಯದ ಕುರುಗೋಡಿನಲ್ಲಿ ಈ ಆಯ್ಕೆ ಇರಲಿಲ್ಲ. ಕ್ಷೌರಿಕರು ಹಡಪ ಹಿಡಿದು ಮನೆಯ ಜಗಲಿಗೆ ಬರುತ್ತಿದ್ದರು. ಅದರಲ್ಲಿ ಕತ್ತಿ, ಸಾಣೆಕಲ್ಲು, ನೀರಿನ ಬಟ್ಟಲು, ಪಟಿಕದ ತುಂಡು. ಹಡಪವೆಂದರೆ ಎಲೆಅಡಿಕೆಯ ಚೀಲವೂ ಹೌದು, ಕ್ಷೌರದ ಸಲಕರಣೆಯ ಚೀಲವೂ ಹೌದು. 12ನೆಯ ಶತಮಾನದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದ ಶರಣ ಹಡಪದ ಅಪ್ಪಣ್ಣನವರನ್ನು ಈ ಸಮುದಾಯ ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ.

ಕತ್ತಿಗೆ ಬಲ್ಲದ್ದು ಗೆರೆಯೊಂದೇ. ನಯವಾಗಿ ಬೆರೆಸಲು ಬಾಚಣಿಗೆಯ ಮೇಲೆ ಕತ್ತರಿ ಆಡಿಸಬೇಕು. ಅದಕ್ಕೆ ಸಮಯವೂ ಹಸ್ತಕೌಶಲವೂ ಬೇಕು. 1919ರಲ್ಲಿ ಅಮೆರಿಕದ ಸ್ಟರ್ಲಿಂಗ್ ಪಟ್ಟಣದಲ್ಲಿ ಲಿಯೋ ವಾಲ್ ರೂಪಿಸಿದ ವಿದ್ಯುತ್ ಕ್ಲಿಪ್ಪರಿನ ಸಂತತಿಯೇ ಇಂದಿನ ಮಷಿನ್. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಅದರ ಅರಿವು ಹರಡಿದಂತೆ ಸಾಣೆ ಹಿಡಿದ ಹಳೆಯ ಕತ್ತಿ ಹಿಂದೆ ಸರಿದು, ಒಬ್ಬೊಬ್ಬರಿಗೂ ಬದಲಿಸುವ ಅರ್ಧ ಬ್ಲೇಡಿನ ಕತ್ತಿ ಬಂದಿತು.

ಆದರೆ ಗಡ್ಡದ ಗೆರೆಗಿಂತ ಕ್ರೂರವಾದ ಗೆರೆಯೊಂದಿತ್ತು. ಸಿರುಗುಪ್ಪದಲ್ಲಿ ನಾನು ಶಿಕ್ಷಕನಾಗಿದ್ದಾಗ ಒಬ್ಬ ಹುಡುಗ ತಿಂಗಳಿಗೊಮ್ಮೆ ತಡವಾಗಿ ಬರುತ್ತಿದ್ದ. ಕಾರಣ ಕೇಳಿದರೆ ಮೌನ. ಒಂದು ದಿನ ಬಿಸಿಲಿನಲ್ಲಿ ನಿಲ್ಲಿಸಿದೆ. ಆಗ ಅವನ ಗೆಳೆಯ ಹೇಳಿದ: "ಅವರ ಕೇರಿಯವರಿಗೆ ಊರಾಗ ಕಟಿಂಗ್ ಮಾಡಂಗಿಲ್ಲ ಸಾರ್. ಪೇಟೆಗೆ ಬಂದು ಮಾಡಿಸ್ಕೊಂಡು ಬರ್ತಾನ." ಆಗಷ್ಟೇ ನುಣ್ಣಗೆ ಕತ್ತರಿಸಿದ ಆ ತಲೆಯನ್ನು ನಾನು ಗಮನಿಸಿಯೇ ಇರಲಿಲ್ಲ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ; 1955ರ ಕಾಯಿದೆ ಆ ಕಾರಣಕ್ಕಾಗಿ ಸೇವೆ ನಿರಾಕರಿಸುವುದನ್ನು ಅಪರಾಧವೆಂದಿದೆ. ಇವನ್ನು ನಾನೇ ಪಾಠ ಮಾಡುತ್ತಿದ್ದೆ. ಕ್ಷೌರಿಕನೊಬ್ಬನನ್ನೇ ದೂಷಿಸುವುದೂ ನ್ಯಾಯವಲ್ಲ. ಸುಗ್ಗಿಯಲ್ಲಿ ದೊಡ್ಡ ಮನೆತನಗಳು ಅಳೆದು ಕೊಡುವ ಆಯದ ಜೋಳದ ಮೇಲೆ ಅವನ ಸಂಸಾರ ನಡೆಯುತ್ತಿತ್ತು. ಅವರ ಮಾತು ಮೀರಿದರೆ ಅವನ ಒಲೆ ಆರುತ್ತಿತ್ತು. ಇಂದಿಗೂ ನಾಡಿನ ಕೆಲವು ಹಳ್ಳಿಗಳಿಂದ ಇಂಥ ಸುದ್ದಿ ಬರುವುದು ನಿಂತಿಲ್ಲ.

"ಫೇಡ್ ಮಾಡಪ್ಪ" ಎಂದೆ. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತವರಾರೆಂದು ನಾನೂ ಕೇಳಲಿಲ್ಲ, ಆತನೂ ಹೇಳಲಿಲ್ಲ. ಗೆರೆಯೋ ಫೇಡೋ ಎಂಬ ಆಯ್ಕೆ ದೊರೆಯುವುದು ಕುರ್ಚಿ ದೊರೆತವರಿಗೆ ಮಾತ್ರ.

ಅಂದು ಬಿಸಿಲಿನಲ್ಲಿ ನಿಂತ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಈ ಮೇಷ್ಟ್ರನ್ನು ಕ್ಷಮಿಸಲಿ.